ಅಮ್ಮನ ಜೊತೆ ಬ್ಯಾಂಕಾಕ್: ಐದು ದಿನ, ಎರಡು ಟೋಪಿ

ಬಂದು ನಾಲ್ಕು ದಿನವಾಯಿತು. ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿಯಾಗಿಲ್ಲ, ಅಮ್ಮನ ಒದ್ದೆ ಚಪ್ಪಲಿ ಮಾತ್ರ ಬಾಲ್ಕನಿಯಲ್ಲಿ ಒಣಗುತ್ತಿದೆ. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. 2025ರ ಆಗಸ್ಟ್ ಕೊನೆಯ ವಾರ ನಾನು ಮತ್ತು ಅಮ್ಮ ಇಬ್ಬರೇ ಬ್ಯಾಂಕಾಕ್‌ಗೆ ಹೋಗಿದ್ದೆವು. ಇಬ್ಬರಿಗೂ ಅದೇ ಮೊದಲ ವಿದೇಶ ಪ್ರಯಾಣ. ಅಮ್ಮನಿಗೆ 67, ಶುದ್ಧ ಸಸ್ಯಾಹಾರಿ, ಮಂಡಿನೋವು ಬೇರೆ. ಎರಡು ಸಲ ಟೋಪಿ ಹಾಕಿಸಿಕೊಂಡೆವು. ಮೊದಲನೆಯ ಟೋಪಿ ಬಿದ್ದಾಗ ನಾವಿನ್ನೂ ಮನೆಯಲ್ಲೇ ಇದ್ದೆವು!

ಅದಕ್ಕೂ ಮುಂಚೆ ಪಾಸ್‌ಪೋರ್ಟ್ ವಿಷಯ. ಹೋಗುವ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಅಮ್ಮನದು ಎಂದೋ ಮಾಡಿಸಿ ಬೀರುವಿನಲ್ಲಿಟ್ಟಿದ್ದು. ಟಿಕೆಟ್ ತೆಗೆದ ಮೇಲೆ ನೋಡಿದರೆ ಐದು ತಿಂಗಳು ಚಿಲ್ಲರೆ ಉಳಿದಿತ್ತು. ತತ್ಕಾಲ್‌ನಲ್ಲಿ 3,500 ರೂಪಾಯಿ ಕಟ್ಟಿ ಹೊಸದು ಮಾಡಿಸುವಷ್ಟರಲ್ಲಿ ನನ್ನ ನಿದ್ದೆ ಹಾರಿಹೋಗಿತ್ತು. ಮೊದಲು ಪಾಸ್‌ಪೋರ್ಟ್ ತೆರೆದು ನೋಡಿ, ಆಮೇಲೆ ಟಿಕೆಟ್.

ವೀಸಾದ ತಲೆನೋವು ಇರಲಿಲ್ಲ. 2024ರ ಜುಲೈನಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಡುತ್ತಿದ್ದರು, ನಾವು ಹೋದಾಗಲೂ ಅದೇ ನಡೆಯುತ್ತಿತ್ತು. ಇಂಥ ನಿಯಮ ಯಾವಾಗ ಬೇಕಾದರೂ ಬದಲಾಗುತ್ತದೆ, ಹಾಗಾಗಿ ನನ್ನ ಮಾತು ಹಿಡಿದು ಹೊರಡಬೇಡಿ. ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ಪುಟ ನೋಡಿ.

ವೀಸಾ ಬೇಡವಾದರೂ ಒಂದು ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. 2025ರ ಮೇ 1ರಿಂದ ಶುರುವಾಗಿದೆ. ವಿಮಾನದಲ್ಲಿ ಪೆನ್ನು ಹುಡುಕಿಕೊಂಡು ತುಂಬುತ್ತಿದ್ದ ಹಳೆಯ ಚೀಟಿಯ ಬದಲು ಇದು. ತಲುಪುವ ದಿನದ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ನಾನು ಫೋನಿನಲ್ಲಿ ಹುಡುಕಿ, ಮೇಲೆ ಬಂದ ಮೊದಲ ಕೊಂಡಿ ಒತ್ತಿದೆ. ಆನೆ ಚಿತ್ರ, ಥಾಯ್ ಬಾವುಟ, ಎಲ್ಲಾ ಇತ್ತು. ಕೊನೆಗೆ ಕಾರ್ಡ್ ನಂಬರ್ ಕೇಳಿತು. ಸರ್ಕಾರದ ಶುಲ್ಕ ಇರಬೇಕು ಅಂದುಕೊಂಡು ಇಬ್ಬರಿಗೆ 4,200 ರೂಪಾಯಿ ಕಟ್ಟಿದೆ. ರಾತ್ರಿ ತಮ್ಮನಿಗೆ ಹೇಳಿದರೆ ಅವನು ನಕ್ಕ. ಅಸಲಿಗೆ ಅದು ಪೂರ್ತಿ ಉಚಿತ. ಅಸಲಿ ತಾಣದ ವಿಳಾಸ ‘ಗೋ ಡಾಟ್ ಟಿಎಚ್’ ಅಂತ ಮುಗಿಯುತ್ತದೆ. ದುಡ್ಡು ಕೇಳಿತು ಅಂದರೆ ಅಲ್ಲಿಗೇ ನಿಲ್ಲಿಸಿ. ನಾನು ಅಸಲಿ ತಾಣದಲ್ಲಿ ಮತ್ತೆ ತುಂಬಿದೆ, ಹತ್ತು ನಿಮಿಷದ ಕೆಲಸ. ಪಾಸ್‌ಪೋರ್ಟ್, ವಿಮಾನದ ನಂಬರ್, ಹೋಟೆಲಿನ ವಿಳಾಸ ಕೈಯಲ್ಲಿಟ್ಟುಕೊಂಡರೆ ಸಾಕು. ಕೊನೆಗೆ ಇಮೇಲಿಗೆ ಕ್ಯೂಆರ್ ಕೋಡ್ ಇರುವ ಪುಟ ಬರುತ್ತದೆ. ನಾನು ಪ್ರಿಂಟ್ ತೆಗೆದಿಟ್ಟುಕೊಂಡೆ.

ಒಂದು ಪಜೀತಿ ನಮ್ಮ ಕಡೆಯ ಬಹಳ ಜನಕ್ಕೆ ಬರುತ್ತದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅನ್ನುವ ಜಾಗ ಖಾಲಿ. ಅವರ ಕಾಲದಲ್ಲಿ ಹೆಸರು ಅಂದರೆ ಹೆಸರು, ಅಷ್ಟೇ. ಫಾರಂ ಮಾತ್ರ ಆ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಅಲ್ಲಿ ಒಂದು ಅಡ್ಡಗೆರೆ ಹಾಕಿದೆ, ಒಪ್ಪಿಕೊಂಡಿತು. ವಿಮಾನದ ಟಿಕೆಟ್ ಮಾಡುವಾಗಲೂ ಇದೇ ತೊಡಕು ಬರುತ್ತದೆ. ಅಲ್ಲಿ ನಾವೇ ಏನೋ ಹಾಕಿಕೊಳ್ಳುವುದಕ್ಕಿಂತ ವಿಮಾನ ಸಂಸ್ಥೆಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು, ಒಬ್ಬೊಬ್ಬರ ಪದ್ಧತಿ ಒಂದೊಂದು.

ಹೊರಡುವ ಹಿಂದಿನ ದಿನ ನೆನಪಾದ ಇನ್ನೊಂದು ಕೆಲಸ ಡೆಬಿಟ್ ಕಾರ್ಡಿನದು. ವಿದೇಶದಲ್ಲಿ ನಡೆಯಬೇಕಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆ ಸ್ವಿಚ್ ಒತ್ತಬೇಕು. ಇ-ಸಿಗರೇಟ್ ಸೇದುವವರು ಯಾರಾದರೂ ಜೊತೆಗಿದ್ದರೆ ಅದನ್ನು ಮನೆಯಲ್ಲೇ ಬಿಡಿಸಿ, ಥಾಯ್ಲೆಂಡ್‌ನಲ್ಲಿ ಅದಕ್ಕೆ ನಿಷೇಧವಿದೆ.

ವಿಮಾನ ನಾಲ್ಕು ಗಂಟೆಗಿಂತ ಸ್ವಲ್ಪ ಕಡಿಮೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಬೆಳಗಿನ ಜಾವ ಐದಕ್ಕೆ ಇಳಿದಾಗ ಅಮ್ಮನ ಲೆಕ್ಕದಲ್ಲಿ ಇನ್ನೂ ಮೂರೂವರೆ. ಫಲಕದಲ್ಲಿ ವಿಮಾನ ನಿಲ್ದಾಣದ ಹೆಸರು ನೋಡಿದರು. “ಸುವರ್ಣಭೂಮಿ ಅಂತ ಬರ್ದಿದ್ದಾರೆ ಕಣೇ,” ಅಂದರು, ನಂಟರ ಊರಿಗೆ ಬಂದವರ ಹಾಗೆ. ಥಾಯ್ ಜನ ಅದನ್ನು ‘ಸುವನ್ನಫೂಮ್’ ಅಂತಾರೆ. ಟ್ಯಾಕ್ಸಿಯವರಿಗೆ ಹಾಗೆ ಹೇಳಿದರೇ ಗೊತ್ತಾಗುವುದು.

ಇಮಿಗ್ರೇಷನ್ ಸಾಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಒಂದೇ ಹೊತ್ತಿಗೆ ನಾಲ್ಕೈದು ವಿಮಾನ ಇಳಿದಿದ್ದವು. ಕೂರಲು ಕುರ್ಚಿ ಇಲ್ಲ. ಮಂಡಿನೋವಿನವರಿದ್ದರೆ ವೀಲ್‌ಚೇರ್‌ಗೆ ಟಿಕೆಟ್ ಮಾಡುವಾಗಲೇ ಹೇಳಿಬಿಡಿ. ಅಮ್ಮ ‘ನಾನೇನು ಮುದುಕಿನಾ’ ಅಂತ ಬೇಡ ಅಂದಿದ್ದರು, ಸಾಲಿನ ಮಧ್ಯದಲ್ಲಿ ‘ಹೇಳಿದ್ರೆ ಚೆನ್ನಾಗಿತ್ತೇನೋ’ ಅಂದರು. ಅಧಿಕಾರಿ ಬೆರಳಚ್ಚು, ಫೋಟೋ ತೆಗೆದುಕೊಂಡು “ಹೋಟೆಲ್?” ಅಂತ ಮಾತ್ರ ಕೇಳಿದ. ವಾಪಸ್ ಟಿಕೆಟ್, ಕೈಯಲ್ಲಿರುವ ಹಣ ತೋರಿಸಿ ಅಂತ ಕೇಳುವುದೂ ಉಂಟು. ನಮ್ಮ ಹಿಂದಿದ್ದ ಹುಡುಗನನ್ನು ಪಕ್ಕಕ್ಕೆ ಕರೆದು ಎರಡನ್ನೂ ನೋಡಿದರು. ಎಲ್ಲಾ ಕಾಗದ ಒಂದು ಫೋಲ್ಡರಿನಲ್ಲಿರಲಿ, ಫೋನಿನ ಚಾರ್ಜ್ ನಂಬಬೇಡಿ.

ಹಣದ ವಿಷಯ. ಆ ವಾರ ಒಂದು ಬಾತ್‌ಗೆ ಸುಮಾರು 2 ರೂಪಾಯಿ 70 ಪೈಸೆ. (“ಬಾತ್ ಅಂದ್ರೆ ದುಡ್ಡಾ? ವಾಂಗಿಬಾತ್ ತಿಂದು ಬಾತ್ ಕೊಡೋದಾ?” ಅಂತ ಅಮ್ಮ ಐದು ದಿನವೂ ನಕ್ಕರು.) ಬ್ಯಾಗ್ ಬರುವ ಜಾಗದಲ್ಲೇ ಕಣ್ಣಿಗೆ ರಾಚುವ ಕೌಂಟರುಗಳಲ್ಲಿ ಬದಲಾಯಿಸಬೇಡಿ. ಕೆಳಗೆ ನೆಲಮಾಳಿಗೆಗೆ, ರೈಲು ಹತ್ತುವ ಕಡೆಗೆ ಹೋದರೆ ಸಣ್ಣ ಗೂಡಿನಂಥ ಕೌಂಟರುಗಳು ಸಾಲಾಗಿವೆ, ಅಲ್ಲಿ ದರ ಎಷ್ಟೋ ಮೇಲು. 100 ಡಾಲರಿನ ಹೊಸ ನೋಟಿಗೆ ಸಿಗುವ ದರ ಸಣ್ಣ ನೋಟಿಗೆ ಸಿಗುವುದಿಲ್ಲ. ಮಡಿಚಿದ್ದು, ಗೀಚಿದ್ದು ಇದ್ದರೆ ಮುಖ ಸಿಂಡರಿಸುತ್ತಾರೆ. ಎಟಿಎಂನಲ್ಲಿ ವಿದೇಶಿ ಕಾರ್ಡ್ ಹಾಕಿದರೆ ಪ್ರತಿ ಸಲ ಶುಲ್ಕ, ನಾವು ಹೋದಾಗ 220 ಬಾತ್ ಇತ್ತು, ಅಂದರೆ ಹತ್ತಿರ ಹತ್ತಿರ 600 ರೂಪಾಯಿ. ಐನೂರು ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ತೆಗೆಯುವುದಾದರೆ ಒಮ್ಮೆಗೇ ತೆಗೆಯಿರಿ. ಪರದೆಯ ಮೇಲೆ ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡ ಅನ್ನಿ, ಆ ದರದಲ್ಲಿ ನಷ್ಟ ನಮಗೇ. ಬೀದಿಯಲ್ಲಿ ಎಲ್ಲೆಲ್ಲೂ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ, ನನ್ನ ಯುಪಿಐ ಅಲ್ಲಿ ನಡೆಯಲಿಲ್ಲ. ನಗದು ಬೇಕೇ ಬೇಕು.

ಅದೇ ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹೊರಡುತ್ತದೆ. ಕೊನೆಯ ನಿಲ್ದಾಣ ಫಾಯಾ ಥಾಯ್‌ವರೆಗೆ 45 ಬಾತ್, ಅರ್ಧ ಗಂಟೆ. ಅಲ್ಲಿಂದ ಮೇಲುಸೇತುವೆ ದಾಟಿದರೆ ಬಿಟಿಎಸ್ ಎಂಬ ಆಕಾಶರೈಲು. ನಾನು ಹೋಟೆಲನ್ನು ಬಿಟಿಎಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಹಿಡಿದಿದ್ದೆ. ಇಡೀ ಪ್ರವಾಸದಲ್ಲಿ ನಾನು ತೆಗೆದುಕೊಂಡ ಜಾಣ ನಿರ್ಧಾರ ಅದೊಂದೇ. ಫಾಯಾ ಥಾಯ್‌ನಿಂದ ಒಂದೇ ನಿಲ್ದಾಣ, ರಾಚಥೇವಿ. ಬೋರ್ಡ್ ನೋಡಿದ ಅಮ್ಮ ಎರಡು ಸಲ ಬಾಯಲ್ಲಿ ಹೊರಳಿಸಿ, “ರಾಜದೇವಿ!” ಅಂದರು. ಸರಿಯಾಗಿಯೇ ಹೇಳಿದ್ದರು. ಟ್ಯಾಕ್ಸಿ ಬೇಕಾದವರು ಮೊದಲ ಮಹಡಿಯ (ಅಲ್ಲಿ ನೆಲದ ಮಟ್ಟವೇ ಮೊದಲ ಮಹಡಿ) ಯಂತ್ರದಿಂದ ಚೀಟಿ ತೆಗೆದುಕೊಳ್ಳಬೇಕು. ಮೀಟರ್ 35 ಬಾತ್‌ನಿಂದ ಶುರು, ವಿಮಾನ ನಿಲ್ದಾಣದಿಂದ ಹತ್ತಿದ್ದಕ್ಕೆ 50 ಬಾತ್ ಹೆಚ್ಚುವರಿ, ಟೋಲ್ ನಮ್ಮದೇ. ಹೊರಗೆ ಬರುತ್ತಲೇ “ಟ್ಯಾಕ್ಸಿ ಮೇಡಂ” ಅಂತ ಬರುವವರು ಬೇರೆಯೇ ಜಾತಿ.

ಹೋಟೆಲ್ ತಲುಪಿದಾಗ ಎಂಟೂಕಾಲು. ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೆ. ರಾತ್ರಿ ವಿಮಾನ ಹಿಡಿಯುವವರು ಇದನ್ನು ಮರೆಯುತ್ತಾರೆ, ನಾನೂ ಮರೆತಿದ್ದೆ. ಸಾಲದ್ದಕ್ಕೆ 1,000 ಬಾತ್ ಠೇವಣಿ ಬೇರೆ ಕೇಳಿದರು (ಹೊರಡುವಾಗ ವಾಪಸ್ ಬಂತು). ಬ್ಯಾಗ್ ಅಲ್ಲಿಟ್ಟು, ಲಾಬಿಯ ಶೌಚಾಲಯದಲ್ಲಿ ಮುಖ ತೊಳೆದು, ಅಮ್ಮ ತಂದಿದ್ದ ಅವಲಕ್ಕಿ ತಿಂದು, ಸೋಫಾದ ಮೇಲೆ ಕೂತೇ ತೂಕಡಿಸಿದೆವು. ಶೌಚಾಲಯಗಳಲ್ಲಿ ನೀರಿನ ಪೈಪ್ ಇರುತ್ತದೆ ಅನ್ನುವುದು ನಮ್ಮವರಿಗೆ ದೊಡ್ಡ ಸಮಾಧಾನ.

ಎರಡನೇ ದಿನ ಅರಮನೆ. ಎರಡನೇ ಟೋಪಿಯೂ ಅವತ್ತೇ.

ಮೆಟ್ರೊದಲ್ಲಿ ಸನಮ್ ಚಾಯ್ ನಿಲ್ದಾಣಕ್ಕೆ ಹೋಗಿ ಇಳಿದೆವು. ಅಲ್ಲಿಂದ ಗ್ರ್ಯಾಂಡ್ ಪ್ಯಾಲೇಸ್‌ಗೆ ಸುಮಾರು ಹದಿನೈದು ನಿಮಿಷದ ನಡಿಗೆ. ಬಿಳಿ ಗೋಡೆಯ ಪಕ್ಕ ನಡೆಯುತ್ತಿದ್ದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕುತ್ತಿಗೆಗೆ ಯಾವುದೋ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಐವತ್ತರ ಆಸುಪಾಸಿನ ಮನುಷ್ಯ ಅಮ್ಮನಿಗೆ ಕೈಮುಗಿದ. ಎಲ್ಲಿಂದ ಬಂದಿರಿ, ಇಂಡಿಯಾ ತುಂಬಾ ಇಷ್ಟ, ಅಮ್ಮನ ಸೀರೆ ಬಹಳ ಚೆನ್ನಾಗಿದೆ. ಆಮೇಲೆ ಬಹಳ ಬೇಜಾರಿನಿಂದ ಅನ್ನುವ ಹಾಗೆ, ಇವತ್ತು ಬೌದ್ಧರ ವಿಶೇಷ ದಿನ, ಅರಮನೆ ಒಂದು ಗಂಟೆಯವರೆಗೆ ಮುಚ್ಚಿದೆ ಅಂದ. ಅಷ್ಟರೊಳಗೆ ‘ಲಕ್ಕಿ ಬುದ್ಧ’ನ ಗುಡಿ ನೋಡಿಕೊಂಡು ಬನ್ನಿ ಅಂತ ನನ್ನ ಕೈಯಲ್ಲಿದ್ದ ನಕ್ಷೆಯ ಮೇಲೆ ತನ್ನ ಪೆನ್ನಿನಿಂದಲೇ ಮೂರು ಸುತ್ತು ಹಾಕಿಕೊಟ್ಟ. ಕೈ ಎತ್ತುವ ಮೊದಲೇ ಟುಕ್‌ಟುಕ್ ಬಂದು ನಿಂತಿತು. ಮೂರು ಜಾಗಕ್ಕೂ ಸೇರಿಸಿ 40 ಬಾತ್! ಅಷ್ಟು ಅಗ್ಗಕ್ಕೆ ಯಾರು ಸುತ್ತಿಸುತ್ತಾರೆ ಅಂತ ಒಂದು ಕ್ಷಣ ಯೋಚಿಸಬೇಕಿತ್ತು.

ಒಂದು ಗುಡಿ ತೋರಿಸಿದ್ದು ನಿಜ. ಆಮೇಲೆ ದರ್ಜಿ ಅಂಗಡಿ, ಆಮೇಲೆ ರತ್ನದ ಅಂಗಡಿ. ಇಂಥ ಅಂಗಡಿಗಳು ಗಿರಾಕಿ ತಂದ ಡ್ರೈವರಿಗೆ ಪೆಟ್ರೋಲ್ ಕೂಪನ್ ಕೊಡುತ್ತವೆ, ನಾವೇ ಅವನ ಬಾಡಿಗೆ. ಎಸಿ ಕೋಣೆಯಲ್ಲಿ ಕೂರಿಸಿ ತಣ್ಣನೆ ಜ್ಯೂಸ್ ಕೊಟ್ಟು, ವೆಲ್ವೆಟ್ ತಟ್ಟೆಯಲ್ಲಿ ನೀಲದ ಉಂಗುರಗಳನ್ನು ಹರಡಿದರು. ಇವತ್ತೊಂದು ದಿನ ತೆರಿಗೆ ಇಲ್ಲ, ಊರಿಗೆ ಹೋಗಿ ಮಾರಿದರೆ ಮೂರು ಪಟ್ಟು. ನನಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಅಮ್ಮ ಮಾತ್ರ ಕನ್ನಡಕ ಏರಿಸಿ, ಒಂದೊಂದೇ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿ, ತಟ್ಟೆಗೆ ವಾಪಸ್ ಇಟ್ಟು, “ಮೂರು ಪಟ್ಟು ಬರೋದಾದ್ರೆ ಇವ್ನೇ ಯಾಕೆ ಹೋಗಿ ಮಾರ್ಕೊಂಡು ಬರ್ಬಾರ್ದು? ಏಳೇ,” ಅಂದರು. ಎದ್ದು ಬಂದೆವು. ಹೊರಗೆ ಟುಕ್‌ಟುಕ್ ಇರಲಿಲ್ಲ. ದುಡ್ಡು ಹೋಗಲಿಲ್ಲ, ಎರಡೂವರೆ ಗಂಟೆ ಹೋಯಿತು.

ಆ ದಿನದಿಂದ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು. ತಾವಾಗಿ ಬಂದು ಮಾತಾಡಿಸಿದವರಿಗೆ ನಗು ಮಾತ್ರ, ನಿಲ್ಲುವುದಿಲ್ಲ. ಏನಾದರೂ ಕೇಳಬೇಕಾದರೆ ನಾವೇ ಆರಿಸಿಕೊಂಡು ಹೋಗಿ ಕೇಳುವುದು: ಟಿಕೆಟ್ ಕೌಂಟರಿನವಳು, ಔಷಧಿ ಅಂಗಡಿಯವನು, ತಳ್ಳುಗಾಡಿಯವಳು. ಉಳಿದ ಮೂರು ದಿನ ಒಬ್ಬರೂ ನಮಗೆ ಸುಳ್ಳು ಹೇಳಲಿಲ್ಲ. ಮೋಸಕ್ಕೆ ಸಿಕ್ಕಿಕೊಂಡರೆ ಟೂರಿಸ್ಟ್ ಪೊಲೀಸರ ನಂಬರ್ 1155. ಅರಮನೆ ತೆರೆದಿದೆಯೋ ಇಲ್ಲವೋ ಅನ್ನುವುದನ್ನು ಬೀದಿಯವರಿಂದ ಕೇಳಬೇಡಿ, ಬಾಗಿಲಿನವರೆಗೆ ಹೋಗಿ ನೋಡಿ.

ಬಾಗಿಲು ತೆರೆದೇ ಇತ್ತು, ಬೆಳಗಿನಿಂದಲೂ. ಟಿಕೆಟ್ ಕೊಡುವುದು ಎಂಟೂವರೆಯಿಂದ ಮೂರೂವರೆಯವರೆಗೆ, ತಲಾ 500 ಬಾತ್. ಅಮ್ಮನ ಸೀರೆ ನೋಡಿ ಕಾವಲಿನವಳು ತಲೆಬಾಗಿ ಒಳಬಿಟ್ಟಳು, ನನ್ನ ಲೆಗ್ಗಿಂಗ್ ನೋಡಿ ತಡೆದಳು. ಭುಜ, ಮಂಡಿ ಮುಚ್ಚಿದ್ದರೆ ಸಾಲದು, ಮೈಗೆ ಅಂಟಿದ ಬಟ್ಟೆಯೂ ಆಗದು. ಎದುರಿನ ಅಂಗಡಿಯಲ್ಲಿ 180 ಬಾತ್ ಕೊಟ್ಟು ಆನೆ ಚಿತ್ರದ ಜೋಳಿಗೆ ಪ್ಯಾಂಟ್ ತಗೊಂಡೆ. ಈಗ ಮನೆಯಲ್ಲಿ ದಿನಾ ಅದೇ ಹಾಕಿಕೊಳ್ಳುತ್ತಿದ್ದೇನೆ, ಅದು ಬೇರೆ ಮಾತು.

ಪಚ್ಚೆ ಬುದ್ಧನ ಗುಡಿ ಇರುವುದು ಇದೇ ಆವರಣದಲ್ಲಿ. ಹೆಸರಿಗೆ ಪಚ್ಚೆ, ಕಲ್ಲು ಜೇಡ್. ಎತ್ತರ 66 ಸೆಂಟಿಮೀಟರ್ ಅಷ್ಟೇ, ಅಷ್ಟು ಮೇಲೆ ಕೂರಿಸಿರುವುದರಿಂದ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಬೇಸಿಗೆ, ಮಳೆ, ಚಳಿ, ಮೂರು ಕಾಲಕ್ಕೂ ಬೇರೆ ಬೇರೆ ಚಿನ್ನದ ಉಡುಗೆ, ಬದಲಾಯಿಸುವುದು ಸ್ವತಃ ರಾಜ. ಒಳಗೆ ಫೋಟೋ ತೆಗೆಯುವಂತಿಲ್ಲ, ಕಾಲು ಬುದ್ಧನ ಕಡೆ ಚಾಚಿ ಕೂರುವಂತಿಲ್ಲ.

ಆದರೆ ನಮ್ಮ ಅವತ್ತಿನ ದಿನ ಉಳಿಸಿದ್ದು ಸುತ್ತಲಿನ ಮೊಗಸಾಲೆ. ಗೋಡೆಯುದ್ದಕ್ಕೂ 178 ಭಾಗಗಳಲ್ಲಿ ರಾಮಕಿಯೆನ್, ಅಂದರೆ ಥಾಯ್ ಜನರ ರಾಮಾಯಣ. ಗೈಡ್ ಬೇಡ ಅಂದಿದ್ದೆವು. ಅಮ್ಮನೇ ಗೈಡ್ ಆದರು. ದಶಕಂಠ ಇಲ್ಲಿ ಥೋತ್ಸಕನ್, ಹಸಿರು ಮುಖ. ಹನುಮಂತ ಬಿಳಿ ಬಿಳಿ. ಅಮ್ಮ ಒಂದೊಂದು ದೃಶ್ಯಕ್ಕೂ ನಿಂತು ಕಥೆ ಹೇಳುತ್ತಾ ಹೋದರು, ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ಪಕ್ಕದವರು ತಿರುಗಿ ನೋಡುತ್ತಿದ್ದರು. ನಾನು ಫೋನಿನಲ್ಲಿ ಓದಿ, ಈ ಹನುಮಂತ ಬ್ರಹ್ಮಚಾರಿಯಲ್ಲ, ಸೇತುವೆ ಕಟ್ಟುವಾಗ ಸುವರ್ಣಮತ್ಸ್ಯ ಅನ್ನುವ ಮತ್ಸ್ಯಕನ್ಯೆಯನ್ನು ಪ್ರೀತಿಸುತ್ತಾನೆ, ಅವಳು ರಾವಣನ ಮಗಳು ಅಂದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು, “ಈ ವಿಷ್ಯ ನಿಮ್ಮಪ್ಪನಿಗೆ ಹೇಳ್ಬೇಡ,” ಅಂದರು. ನಮ್ಮಪ್ಪ ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗುವವರು.

ಮೂರನೇ ದಿನ ಚಾವೋ ಫ್ರಾಯಾ ನದಿಯ ದೋಣಿ. ಬಿಟಿಎಸ್‌ನಲ್ಲಿ ಸಫಾನ್ ತಕ್ಸಿನ್‌ಗೆ ಹೋಗಿ ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಪ್ರವಾಸಿಗಳ ನೀಲಿ ಬಾವುಟದ ದೋಣಿಗೆ ಕೂಗಿ ಕೂಗಿ ಕರೆಯುತ್ತಾರೆ. ಊರಿನ ಜನ ಹತ್ತುವುದು ಕಿತ್ತಳೆ ಬಾವುಟದ್ದನ್ನು, ಎಲ್ಲಿಗೇ ಹೋದರೂ 16 ಬಾತ್. ಕಂಡಕ್ಟರಮ್ಮ ಉದ್ದನೆಯ ತಗಡಿನ ಕೊಳವೆಯೊಂದನ್ನು ಟಕ ಟಕ ಬಡಿಯುತ್ತಾ ಬರುತ್ತಾಳೆ. ಅದರೊಳಗೆ ಚಿಲ್ಲರೆ, ಟಿಕೆಟ್ ಎರಡೂ. ಮುಚ್ಚಳದ ಸಂದಿಯಲ್ಲಿ ಟಿಕೆಟ್ ಹರಿದು ಕೊಡುತ್ತಾಳೆ. 1,000ದ ನೋಟು ಕೊಟ್ಟರೆ ಬೈಗುಳ ಗ್ಯಾರಂಟಿ, ಅಂಥ ನೋಟನ್ನು ಸೆವೆನ್-ಇಲೆವೆನ್ ಅಂಗಡಿಯಲ್ಲಿ ಮುರಿಸಿಕೊಂಡು ಬನ್ನಿ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಸೆಕೆಂಡು. ಹತ್ತುವಾಗ, ಇಳಿಯುವಾಗ ಅಮ್ಮನ ಕೈಯನ್ನು ಅಲ್ಲಿನ ಹುಡುಗನೇ ಹಿಡಿದುಕೊಂಡ.

ಥಾ ತಿಯೆನ್‌ನಲ್ಲಿ ಇಳಿದು ವಾಟ್ ಫೊ (ವಾಟ್ ಅಂದರೆ ಗುಡಿ). ಟಿಕೆಟ್ 300 ಬಾತ್. 46 ಮೀಟರ್ ಉದ್ದದ ಮಲಗಿದ ಬುದ್ಧ. ಬೆನ್ನ ಹಿಂದೆ 108 ಕಂಚಿನ ಬಟ್ಟಲುಗಳ ಸಾಲು, 20 ಬಾತ್ ಕೊಟ್ಟರೆ ಚಿಲ್ಲರೆ ನಾಣ್ಯ ಕೊಡುತ್ತಾರೆ, ಬಟ್ಟಲಿಗೊಂದರಂತೆ ಹಾಕುತ್ತಾ ಹೋಗಬೇಕು. ಅಮ್ಮನಿಗೆ ಕೊನೆಯಲ್ಲಿ ಏಳು ಬಟ್ಟಲಿಗೆ ನಾಣ್ಯ ಸಾಲಲಿಲ್ಲ, ಎಲ್ಲೋ ಎರಡೆರಡು ಹಾಕಿದ್ದರಂತೆ. ಎದುರು ದಡದ ವಾಟ್ ಅರುಣ್‌ಗೆ 5 ಬಾತ್ ದೋಣಿ. ಅಲ್ಲಿನ ಮೆಟ್ಟಿಲು ಏಣಿಯ ಹಾಗೆ ಕಡಿದು. ಮಂಡಿಯವರು ಕೆಳಗೇ ಕೂತು ನೋಡಿದರೂ ನಷ್ಟವಿಲ್ಲ.

ಊಟದ್ದು ದೊಡ್ಡ ಕಥೆ. ‘ವೆಜಿಟೇರಿಯನ್’ ಅಂದರೆ ತಲೆಯಾಡಿಸುತ್ತಾರೆ, ತಟ್ಟೆಯಲ್ಲಿ ಮಾಂಸ ಇರುವುದಿಲ್ಲ, ಆದರೆ ನಾಮ್ ಪ್ಲಾ ಇರುತ್ತದೆ. ಅದು ಮೀನಿನ ರಸ, ನಾವು ಉಪ್ಪು ಹಾಕಿದ ಹಾಗೆ ಅವರು ಅದನ್ನು ಹಾಕುತ್ತಾರೆ. ಪಪ್ಪಾಯಿ ಸಲಾಡಿನಲ್ಲೂ ಮೀನಿನ ರಸ, ಒಣ ಸೀಗಡಿ. ಮೊದಲ ದಿನ ಮೂಗಿಗೆ ವಾಸನೆ ಬಡಿದು ಅಮ್ಮ ತಟ್ಟೆ ಸರಿಸಿಬಿಟ್ಟರು, ಆಮೇಲೆ ರಾತ್ರಿಯೂ ಅವಲಕ್ಕಿಯೇ. ನೀವು ಕಲಿಯಬೇಕಾದ ಪದ ಒಂದೇ: ‘ಜೇ’. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದಿರುತ್ತದೆ, ನಮ್ಮ ಕಣ್ಣಿಗೆ ಇಂಗ್ಲಿಷ್ ಅಂಕಿಯ 17ರ ಹಾಗೆ ಕಾಣುತ್ತದೆ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿಗಿಂತ ಒಂದು ಕೈ ಮೇಲು. ಸೆವೆನ್-ಇಲೆವೆನ್‌ನ ಪೊಟ್ಟಣಗಳ ಮೇಲೂ ಆ ಗುರುತು ಹುಡುಕಬಹುದು.

ಹೋಟೆಲಿನ ಹಿಂದಿನ ಓಣಿಯಲ್ಲಿ ಅಂಥದ್ದೊಂದು ಗಾಡಿ ಸಿಕ್ಕಿತು. ನಾನು ‘ಜೇ’ ಅಂದೆ, ಅಮ್ಮ ಕೈಮುಗಿದರು. ಆಕೆ ಬಾಣಲೆ ತೊಳೆದು, ಬಾಟಲಿ ಒಂದೊಂದನ್ನೇ ಎತ್ತಿ ಅಮ್ಮನಿಗೆ ತೋರಿಸಿದಳು. ಸೋಯಾ ರಸ ತೋರಿಸಿ ತಲೆ ಹೌದೆಂದು ಆಡಿಸಿದಳು. ಅಣಬೆ, ತೋಫು, ತುಳಸಿ ಹಾಕಿ ಹುರಿದು ಅನ್ನದ ಮೇಲೆ ಹಾಕಿಕೊಟ್ಟಳು. 50 ಬಾತ್. ಆಮೇಲಿನ ಮೂರು ದಿನ ನಮ್ಮ ಊಟ ಅಲ್ಲೇ. ನಾಲ್ಕನೇ ದಿನ ಅಮ್ಮ ತಮ್ಮ ಚಟ್ನಿಪುಡಿ ಪೊಟ್ಟಣವನ್ನು ಆಕೆಗೇ ಕೊಟ್ಟು ಬಂದರು.

ಆ ನಾಲ್ಕನೇ ದಿನ, ಶುಕ್ರವಾರ, ಸೀಲೋಮ್‌ನ ಮಾರಿಯಮ್ಮನ ಗುಡಿಗೆ ಹೋಗಿ ಬರುವಾಗ ಮಳೆ ಹಿಡಿಯಿತು. ಅಲ್ಲಿ ಮಳೆಗಾಲ ಮೇಯಿಂದ ಅಕ್ಟೋಬರ್‌ವರೆಗೆ. ಇಪ್ಪತ್ತು ನಿಮಿಷದಲ್ಲಿ ಓಣಿಯಲ್ಲಿ ಮೊಣಕಾಲುದ್ದ ನೀರು. ಆ್ಯಪ್‌ನಲ್ಲಿ ಕರೆದ ಮೂವರು ಡ್ರೈವರುಗಳೂ ರದ್ದು ಮಾಡಿದರು, ರಸ್ತೆಯ ಟ್ಯಾಕ್ಸಿಯವನು ಮೀಟರ್ ಹಾಕಲು ಒಪ್ಪಲಿಲ್ಲ. ಕೊನೆಗೆ ನೆನೆದುಕೊಂಡೇ ರೈಲು ನಿಲ್ದಾಣ ಹತ್ತಿದೆವು. ಸರಿಯಾಗಿ ಆರು ಗಂಟೆ. ಧ್ವನಿವರ್ಧಕದಲ್ಲಿ ಹಾಡು ಬಂತು, ಓಡುತ್ತಿದ್ದ ಜನವೆಲ್ಲಾ ಇದ್ದಲ್ಲೇ ನಿಂತುಬಿಟ್ಟರು. ರಾಷ್ಟ್ರಗೀತೆ, ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ಹಾಕುತ್ತಾರೆ. ನೀವೂ ನಿಲ್ಲಿ. ಹಾಗೆಯೇ ರಾಜಮನೆತನದ ಬಗ್ಗೆ ತಮಾಷೆಗೂ ಹಗುರವಾಗಿ ಮಾತಾಡಬೇಡಿ, ಅಲ್ಲಿ ಅದಕ್ಕೆ ಜೈಲಿದೆ.

ಶನಿವಾರ ಬೆಳಿಗ್ಗೆ ಚತುಚಕ್ ಸಂತೆ, ಎರಡು ಗಂಟೆಯಲ್ಲಿ ಸೆಖೆಗೆ ಸೋತು ವಾಪಸ್. ಒಟ್ಟು ಖರ್ಚು, ಪಾಸ್‌ಪೋರ್ಟ್ ಬಿಟ್ಟು: ಇಬ್ಬರ ವಿಮಾನ 41,000 ರೂಪಾಯಿ, ನಾಲ್ಕು ರಾತ್ರಿ ರೂಮಿಗೆ 5,800 ಬಾತ್, ಉಳಿದಿದ್ದಕ್ಕೆಲ್ಲಾ 9,000 ಬಾತ್, ಮತ್ತೆ ಆ 4,200ರ ಟೋಪಿ. 85 ಸಾವಿರದ ಆಸುಪಾಸು.

ವಾಪಸ್ ಹೊರಡುವಾಗ ಮಳೆಯ ಪಾಠ ನೆನಪಿಟ್ಟು ಟ್ಯಾಕ್ಸಿ ಬಿಟ್ಟು ರೈಲಿನಲ್ಲೇ ಹೋದೆವು. ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ ಸಮುದ್ರಮಥನದ ದೊಡ್ಡ ಶಿಲ್ಪವಿದೆ, ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ಮೇಲೆ ವಿಷ್ಣು. ಅಮ್ಮ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ವಾಸುಕಿಯ ತಲೆ ಅಸುರರ ಕಡೆಗೇ ಇದೆಯೇ ಅಂತ ಖಾತ್ರಿ ಮಾಡಿಕೊಂಡರು. ಅಷ್ಟರಲ್ಲಿ ನಮ್ಮ ಗೇಟ್ ಇರುವುದು ಬೇರೆ ಟರ್ಮಿನಲ್‌ನಲ್ಲಿ, ಚಾಲಕನಿಲ್ಲದ ಪುಟ್ಟ ರೈಲು ಹತ್ತಿ ಹೋಗಬೇಕು ಅಂತ ಗೊತ್ತಾಯಿತು. ಓಡಿದೆವು. ಗೇಟ್ ಮುಚ್ಚಲು ಎಂಟು ನಿಮಿಷ ಬಾಕಿ ಇತ್ತು.